ಗಾಜಿನ ಮೇಲೆ ಬಂಗಾರದ ಅಕ್ಷರ: ಗಿರಾಕಿಗೆ ಎಷ್ಟು ದರ ಹೇಳಬೇಕು?

ಫೋನ್ ಮಾಡಿದ ಗಿರಾಕಿ ಮೊದಲು ಕೇಳುವುದು ಒಂದೇ ಮಾತು. "ಚದರಡಿಗೆ ಎಷ್ಟು?"

ಫ್ಲೆಕ್ಸ್ ಬಂದ ಮೇಲೆ ಶಿವಮೊಗ್ಗದಲ್ಲಿ ಬೋರ್ಡ್ ಅಂದರೆ ಚದರಡಿ ಲೆಕ್ಕ ಅಂತಲೇ ಆಗಿಬಿಟ್ಟಿದೆ. ಗಾಜಿನ ಮೇಲೆ ಬಂಗಾರದ ರೇಕು, ಅಂದರೆ ಬಡಿದು ತೆಳ್ಳಗೆ ಮಾಡಿದ ಹಾಳೆ, ಕೂರಿಸಿ ಅಕ್ಷರ ಬರೆಯುವ ಕೆಲಸಕ್ಕೆ ಈ ಲೆಕ್ಕ ಹೊಂದುವುದೇ ಇಲ್ಲ. ನನ್ನ ಮೊದಲ ದೊಡ್ಡ ಕೆಲಸದಲ್ಲಿ ನಾನೂ ಅಂಗಡಿ ಬಾಗಿಲಲ್ಲೇ ನಿಂತು ಚದರಡಿ ದರ ಹೇಳಿಬಿಟ್ಟೆ. ರೇಕು ಎರಡು ಸಲ ಕೂರಿಸಬೇಕು ಎನ್ನುವುದು ಲೆಕ್ಕದಲ್ಲಿ ಇರಲಿಲ್ಲ. ಆಷಾಢದ ಮಳೆ ಬೇರೆ. ಎರಡು ದಿನದ್ದು ಅಂದುಕೊಂಡ ಕೆಲಸ ಐದು ದಿನ ಹಿಡಿಯಿತು. ಕೊನೆಗೆ ರೇಕು ತಂದ ದುಡ್ಡು ಮಾತ್ರ ವಾಪಸ್ ಬಂತು. ಐದು ದಿನದ ಕೂಲಿ ಹೋಯಿತು.

ಬ್ರಷ್ ಹಿಡಿದು ಬರೆಯುವ ಹುಡುಗರು ಈಗ ಮತ್ತೆ ಈ ಕೆಲಸದ ಕಡೆ ಬರುತ್ತಿದ್ದಾರೆ. ಅವರು ನನ್ನ ಹಾಗೆ ಕಳೆದುಕೊಳ್ಳಬಾರದು. ಅದಕ್ಕೇ ನಾನು ದರ ಹಾಕುವ ರೀತಿಯನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ರೇಕನ್ನು ಅರ್ಥ ಮಾಡಿಕೊಳ್ಳಿ

ಗಿರಾಕಿಯ ಎರಡನೇ ಪ್ರಶ್ನೆ, "ಎಷ್ಟು ಗ್ರಾಂ ಬಂಗಾರ ಹಾಕ್ತೀರಿ?" ಇದಕ್ಕೆ ನಿಮ್ಮ ಹತ್ತಿರ ನೇರ ಉತ್ತರ ಇರಬೇಕು.

ರೇಕು ಪುಸ್ತಕದ ರೂಪದಲ್ಲಿ ಸಿಗುತ್ತದೆ. ಒಂದು ಪುಸ್ತಕದಲ್ಲಿ ಸಾಮಾನ್ಯವಾಗಿ 25 ರೇಕು. ಒಂದೊಂದು ರೇಕು 80 ಮಿಲಿಮೀಟರ್ ಚೌಕ. ಸ್ವಲ್ಪ ದೊಡ್ಡ ಅಳತೆಯವೂ ಇವೆ. ದಪ್ಪ ಸುಮಾರು 0.1 ಮೈಕ್ರಾನ್. ಅಂದರೆ ಒಂದು ಮಿಲಿಮೀಟರ್ ದಪ್ಪ ಆಗಬೇಕಾದರೆ ಹತ್ತು ಸಾವಿರ ರೇಕು ಪೇರಿಸಬೇಕು. ಆ ದಪ್ಪದಲ್ಲಿ ಇಡೀ ಪುಸ್ತಕದ ಬಂಗಾರ ತೂಗಿದರೆ ಸುಮಾರು 0.3 ಗ್ರಾಂ, ಅಷ್ಟೇ.

ಇದನ್ನು ಮುಚ್ಚಿಡಬೇಡಿ. ನಾನು ಗಿರಾಕಿಗೆ ನೇರವಾಗಿ ಹೇಳುತ್ತೇನೆ: "ತೂಕದ ಲೆಕ್ಕದಲ್ಲಿ ಬಂಗಾರ ಬೇಕು ಅಂದ್ರೆ ಒಡವೆ ಅಂಗಡಿಗೆ ಹೋಗಿ. ಇಲ್ಲಿ ನೀವು ಕೊಡೋದು ಅಷ್ಟು ತೆಳ್ಳಗೆ ಬಡಿದವರ ಕೆಲಸಕ್ಕೆ, ಅದನ್ನು ಗಾಜಿನ ಮೇಲೆ ಕೂರಿಸೋ ಕೆಲಸಕ್ಕೆ." ಮುಖ ನೋಡಿ ಹೀಗೆ ಹೇಳಿದರೆ ಜನ ಒಪ್ಪುತ್ತಾರೆ. ಪೇಡಾ ಮೇಲೆ ಹಾಕುವ ಬೆಳ್ಳಿ ವರ್ಕ್ ಎಲ್ಲರೂ ನೋಡಿರುತ್ತಾರೆ. ಮೈಸೂರು ಚಿತ್ರಗಳಲ್ಲಿ ದೇವರ ಕಿರೀಟಕ್ಕೆ ರೇಕು ಹಚ್ಚುವುದೂ ಗೊತ್ತಿರುತ್ತದೆ. ಅಲ್ಲಿಂದ ಮಾತು ಶುರು ಮಾಡಿದರೆ ಬೇಗ ಅರ್ಥವಾಗುತ್ತದೆ.

ಇಷ್ಟು ತೆಳ್ಳಗಿರುವುದರಿಂದಲೇ ಒಂದು ಪದರ ಸಾಲುವುದಿಲ್ಲ. ಮೊದಲ ಪದರ ಒಣಗಿದ ಮೇಲೆ ಹಿಂದೆ ದೀಪ ಹಿಡಿದು ನೋಡಿ. ರೇಕಿನೊಳಗಿಂದ ಹಸಿರು ಛಾಯೆಯ ಬೆಳಕು ಕಾಣುತ್ತದೆ. ಜೊತೆಗೆ ಸೂಜಿಮೊನೆಯಂಥ ತೂತು, ಕೂದಲೆಳೆಯಂಥ ಬಿರುಕು ನೂರಾರು. ಎರಡನೇ ಪದರ ಅವನ್ನು ಮುಚ್ಚುತ್ತದೆ. ಈ ಎರಡನೇ ಪದರವನ್ನು ಲೆಕ್ಕದಲ್ಲಿ ಬಿಟ್ಟವರು ಖಂಡಿತ ನಷ್ಟ ಮಾಡಿಕೊಳ್ಳುತ್ತಾರೆ.

ಜಾಗ ನೋಡದೆ ದರ ಹೇಳಬೇಡಿ

ಫೋಟೋ ಕಳಿಸಿದರೂ ಒಮ್ಮೆ ಹೋಗಿ ಬನ್ನಿ. ಬರೆಯುವುದು ಗಾಜಿನ ಒಳಮುಖದಲ್ಲಿ. ಹಾಗಾಗಿ ಒಳಗಡೆ ನಿಲ್ಲಲು ಜಾಗ ಇದೆಯಾ, ಶೋಕೇಸ್ ಅಡ್ಡ ಇದೆಯಾ ನೋಡಬೇಕು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದ್ದರೆ ಅದನ್ನು ಕಿತ್ತು ಅಂಟು ತೆಗೆಯಲು ಅರ್ಧ ದಿನ ಹೋಗುತ್ತದೆ. ಹಳೆಯ ಸ್ಟಿಕ್ಕರ್ ಕೂಡ ಹಾಗೆಯೇ. ರೇಕು ಗಾಜಿಗೆ ಹಿಡಿಯುವುದು ಜೆಲಟಿನ್ ಕರಗಿಸಿದ ನೀರಿನಿಂದ. ಅದಕ್ಕೆ ಎಣ್ಣೆ ಜಿಡ್ಡು ಆಗುವುದಿಲ್ಲ. ಬೇಕರಿ, ಹೋಟೆಲ್ ಗಾಜಿನ ಮೇಲೆ ಜಿಡ್ಡು ಇದ್ದೇ ಇರುತ್ತದೆ. ಅಲ್ಲಿ ಗಾಜು ತೊಳೆಯಲು ಒಂದು ಗಂಟೆ ಬದಲು ಮೂರು ಗಂಟೆ ಹಿಡಿಯಿರಿ.

ಇನ್ನೊಂದು ಕೇಳಲೇಬೇಕಾದ ಪ್ರಶ್ನೆ: ಗಾಜು ಯಾರದ್ದು? ಅಂಗಡಿ ಬಾಡಿಗೆಯದಾದರೆ ಗಾಜು ಮಾಲೀಕರದ್ದು. ಖಾಲಿ ಮಾಡುವಾಗ ಅಕ್ಷರ ಅಲ್ಲೇ ಉಳಿಯುತ್ತದೆ. ಅಂಥವರಿಗೆ ಬೇರೆ ಗಾಜಿನ ಮೇಲೆ ಬರೆದು ಚೌಕಟ್ಟು ಹಾಕಿ ಕೊಡುವುದು ಒಳ್ಳೆಯದು. ಹೋಗುವಾಗ ತೆಗೆದುಕೊಂಡು ಹೋಗಬಹುದು, ಅಲ್ವಾ?

ಜೆಲಟಿನ್ ಪ್ರಾಣಿಮೂಲದ್ದು. ದೇವರ ಮನೆಯ ಬಾಗಿಲು, ಮಠದ ಕೆಲಸ, ಕಟ್ಟುನಿಟ್ಟಿನ ಸಸ್ಯಾಹಾರಿಗಳ ಮನೆ ಆಗಿದ್ದರೆ ಇದನ್ನು ಮೊದಲೇ ಹೇಳಿಬಿಡಿ. ಬೇಡ ಅಂದರೆ ಎಣ್ಣೆಯ ಅಂಟಿನ ಮೇಲೆ ಕೂರಿಸಬಹುದು. ಆದರೆ ಕನ್ನಡಿಯಂಥ ಹೊಳಪು ಬರುವುದಿಲ್ಲ, ಮಂದ ಬಂಗಾರ ಕಾಣುತ್ತದೆ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಕೆಲಸ ಮುಗಿದ ಮೇಲೆ ಗೊತ್ತಾಗಿ ಬೇಜಾರಾಗಬಾರದು.

ರೇಕು ಎಣಿಸುವುದು

ಶಿವಮೊಗ್ಗದ ದುರ್ಗಿಗುಡಿಯ ಒಂದು ಒಡವೆ ಅಂಗಡಿಗೆ ಹೋದ ವರ್ಷ ಮಾಡಿದ ಕೆಲಸವನ್ನೇ ಉದಾಹರಣೆಗೆ ಹಿಡಿಯೋಣ. ಕೆಲಸ ನಿಜದ್ದು. ರೇಕು, ಸಾಮಾನಿನ ದರ ಮಾತ್ರ ಲೆಕ್ಕ ಸುಲಭವಾಗಲಿ ಅಂತ ದುಂಡಗೆ ಹಿಡಿದದ್ದು. ನೀವು ನಿಮ್ಮ ವ್ಯಾಪಾರಿಯ ಇವತ್ತಿನ ದರ ಕೇಳಿ ಹಾಕಿಕೊಳ್ಳಿ.

ಹೆಸರಿನ ಉದ್ದ 120 ಸೆಂಟಿಮೀಟರ್. ಅಕ್ಷರದ ಎತ್ತರ 15 ಸೆಂಟಿಮೀಟರ್. ಒತ್ತು, ದೀರ್ಘ ಎಲ್ಲ ಸೇರಿದರೆ 22 ಸೆಂಟಿಮೀಟರ್.

ರೇಕು 8 ಸೆಂಟಿಮೀಟರ್ ಇದ್ದರೂ ಒಂದರ ಮೇಲೊಂದು ಅರ್ಧ ಸೆಂಟಿಮೀಟರ್ ಹತ್ತಿಸಿ ಕೂರಿಸಬೇಕು. ಹಾಗಾಗಿ ಒಂದು ರೇಕಿಗೆ ಏಳೂವರೆ ಸೆಂಟಿಮೀಟರ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಉದ್ದಕ್ಕೆ 16, ಎತ್ತರಕ್ಕೆ 2 ಸಾಲು. ಒಟ್ಟು 32. ಕೆಳಗೆ ಇಳಿಯುವ ಒತ್ತು, ಹೊರಗೆ ಚಾಚುವ ದೀರ್ಘಗಳಿಗೆ ಇನ್ನು 8. ಅಲ್ಲಿಗೆ 40.

ಎರಡನೇ ಪದರಕ್ಕೆ ಅದರ ಅರ್ಧ, ಅಂದರೆ 20. ಹರಿದದ್ದು, ಗಾಳಿಗೆ ಹಾರಿದ್ದು ಅಂತ ಇನ್ನು 6. ಒಟ್ಟು 66 ರೇಕು. ಎರಡು ಪುಸ್ತಕ ಸಾಲದು. ಮೂರು ಬೇಕು.

ಇಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಅಕ್ಷರದ ಗೆರೆಯಷ್ಟೇ ಜಾಗಕ್ಕೆ ರೇಕು ಲೆಕ್ಕ ಹಾಕುತ್ತಾರೆ. ನಾವು ಮೊದಲು ಇಡೀ ಪಟ್ಟಿಗೆ ರೇಕು ಕೂರಿಸಿ, ಅದರ ಹಿಂದೆ ಅಕ್ಷರವನ್ನು ಬಣ್ಣದಲ್ಲಿ ಬರೆದು, ಬಣ್ಣ ಒಣಗಿದ ಮೇಲೆ ಉಳಿದ ರೇಕನ್ನು ಒರೆಸಿ ತೆಗೆಯುತ್ತೇವೆ. ಒರೆಸಿ ಹೋದ ರೇಕಿಗೂ ದುಡ್ಡು ಕೊಟ್ಟೇ ತಂದಿರುತ್ತೇವೆ.

ಗಂಟೆ ಎಣಿಸುವುದು

ಇದು ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲರೂ ಹಾರಿಸುವಂಥದ್ದು. ನಿಮ್ಮ ಒಂದು ಗಂಟೆಯ ಬೆಲೆ ನಿಮಗೆ ಗೊತ್ತಿದೆಯಾ?

ಹೀಗೆ ಕಂಡುಹಿಡಿಯಿರಿ. ಮನೆ ಖರ್ಚು ತಿಂಗಳಿಗೆ 30,000 ಅಂದುಕೊಳ್ಳಿ. ಅಂಗಡಿ ಬಾಡಿಗೆ, ಕರೆಂಟ್, ಫೋನ್, ಪೆಟ್ರೋಲ್ ಸೇರಿ 12,000. ಬ್ರಷ್, ಸಾಮಾನು, ಕಾಯಿಲೆ ಕಸಾಲೆಗೆ ಅಂತ ತೆಗೆದಿಡುವುದು 8,000. ಒಟ್ಟು 50,000. ದಿನಕ್ಕೆ 8 ಗಂಟೆಯಂತೆ 25 ದಿನ ಅಂದರೆ 200 ಗಂಟೆ. ಆದರೆ ಆ 200 ಗಂಟೆಗೂ ಯಾರೂ ದುಡ್ಡು ಕೊಡುವುದಿಲ್ಲ. ಓಡಾಟ, ಫೋನ್ ಮಾತು, ಕೊಟೇಶನ್ ಕೊಟ್ಟು ಸಿಗದೇ ಹೋದ ಕೆಲಸ, ಬಾಕಿ ವಸೂಲಿ, ಇದರಲ್ಲೇ ಅರ್ಧ ಹೋಗುತ್ತದೆ. ದುಡ್ಡು ಬರುವ ಗಂಟೆ 100 ಮಾತ್ರ. ಹಾಗಾಗಿ ಗಂಟೆಗೆ 500 ರೂಪಾಯಿ. ಇದಕ್ಕಿಂತ ಕಡಿಮೆಗೆ ಮಾಡಿದರೆ ಮನೆ ಖರ್ಚಿಗೆ ಸಾಲ ಮಾಡಬೇಕಾಗುತ್ತದೆ.

ದುರ್ಗಿಗುಡಿ ಕೆಲಸಕ್ಕೆ ನಾನು ಮೊದಲೇ ಅಂದಾಜು ಹಾಕಿದ ಗಂಟೆಗಳು ಹೀಗಿದ್ದವು:

- ಜಾಗ ನೋಡಿ ಮಾತಾಡುವುದು: 2
- ಅಕ್ಷರ ಬರೆದು ನಕ್ಷೆ ತಯಾರಿಸುವುದು: 5
- ಗಾಜು ತೊಳೆಯುವುದು: 1
- ಮೊದಲ ಪದರ ರೇಕು: 3
- ಎರಡನೇ ಪದರ: 2
- ಹಿಂದಿನಿಂದ ಅಕ್ಷರ ಬರೆಯುವುದು: 4
- ಉಳಿದ ರೇಕು ಒರೆಸುವುದು: 2
- ಔಟ್‌ಲೈನ್ ಮತ್ತು ಶೇಡ್ (ಅಕ್ಷರದ ನೆರಳು): 5
- ವಾರ್ನಿಷ್: 1
- ಓಡಾಟ: 2

ಒಟ್ಟು 27 ಗಂಟೆ. 500ರಂತೆ 13,500 ರೂಪಾಯಿ.

ಕನ್ನಡ ಅಕ್ಷರಕ್ಕೆ ಅದರದೇ ಲೆಕ್ಕ

ಅಕ್ಷರಕ್ಕೆ ಇಷ್ಟು ಅಂತ ದರ ಹೇಳುವವರಿದ್ದಾರೆ. ಇಂಗ್ಲಿಷಿಗೆ ಅದು ಸ್ವಲ್ಪ ಮಟ್ಟಿಗೆ ನಡೆಯಬಹುದು. ಕನ್ನಡಕ್ಕೆ ನಡೆಯುವುದಿಲ್ಲ.

'ಗರಗಸ' ಅಂತ ಬರೆದು ನೋಡಿ. ನಾಲ್ಕು ಅಕ್ಷರ. ಎಲ್ಲಕ್ಕೂ ಒಂದೇ ಥರದ ತಲೆಕಟ್ಟು, ಒಂದೇ ಎತ್ತರ. ಈಗ 'ಲಕ್ಷ್ಮೀ' ಬರೆಯಿರಿ. ಎರಡೇ ಅಕ್ಷರ. ಆದರೆ ಎರಡನೆಯದರಲ್ಲಿ ಎರಡು ಒತ್ತು, ಮೇಲೊಂದು ಗುಡಿಸು, ಪಕ್ಕಕ್ಕೊಂದು ದೀರ್ಘ. ಬರೆಯಲು ಹಿಡಿಯುವ ಹೊತ್ತು ನಾಲ್ಕಕ್ಷರದ್ದಕ್ಕಿಂತ ಜಾಸ್ತಿ. ಅಂಗಡಿ ಹೆಸರುಗಳಲ್ಲಿ 'ಶ್ರೀ', 'ಲಕ್ಷ್ಮೀ', 'ಜ್ಯುವೆಲ್ಲರ್ಸ್' ಇಲ್ಲದ್ದು ಎಷ್ಟಿವೆ ಹೇಳಿ?

ಇನ್ನೊಂದು ವಿಷಯ. ಇಂಗ್ಲಿಷಿನ ದಪ್ಪಕ್ಷರದಲ್ಲಿ ನೇರ ಗೆರೆ ಬಹಳ. ಟೇಪ್ ಅಂಟಿಸಿ ಗೆರೆ ಎಳೆಯಬಹುದು. ನಮ್ಮ ಅಕ್ಷರ ಪೂರಾ ದುಂಡು. ಟೇಪಿನ ಸಹಾಯ ಸಿಗುವುದಿಲ್ಲ. ಎಲ್ಲವೂ ಕೈಯಲ್ಲೇ ಆಗಬೇಕು, ಅದೂ ತಿರುಗಾ ಮುರುಗಾ. ಒಳಗಡೆಯಿಂದ ಬರೆಯುವಾಗ ಬಲದಿಂದ ಎಡಕ್ಕೆ ಓದುವ ಹಾಗೆ ಅಕ್ಷರ ಮಗುಚಿಕೊಂಡಿರುತ್ತದೆ. ನಾನು ನಕ್ಷೆಯ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹೊಡೆದು, ಕಾಗದ ಮಗುಚಿ ಹಿಡಿದು, ಸೀಮೆಸುಣ್ಣದ ಪುಡಿ ತಟ್ಟಿ ಗುರುತು ಮಾಡಿಕೊಳ್ಳುತ್ತೇನೆ. ಆ ಕಾಗದ ತಯಾರಿಸುವುದಕ್ಕೂ ಗಂಟೆ ಹಿಡಿಯುತ್ತದೆ. ಅದನ್ನು ಸುಮ್ನೆ ಕೊಡಬೇಡಿ.

ಕರ್ನಾಟಕದಲ್ಲಿ ವ್ಯಾಪಾರದ ನಾಮಫಲಕದಲ್ಲಿ 60% ಕನ್ನಡ ಇರಬೇಕು ಎಂಬ ನಿಯಮ 2024ರಲ್ಲಿ ಬಂದಿದೆ. ಗಾಜಿನ ಬಾಗಿಲೇ ಅಂಗಡಿಯ ಬೋರ್ಡ್ ಆಗಿದ್ದರೆ ನಕ್ಷೆ ಮಾಡುವಾಗಲೇ ಇದನ್ನು ಮಾತಾಡಿ. ಕನ್ನಡ ಮೇಲೆ ದೊಡ್ಡದಾಗಿ ಬಂದರೆ ರೇಕು, ಗಂಟೆ ಎರಡೂ ಅದಕ್ಕೇ ಹೆಚ್ಚು ಹೋಗುತ್ತದೆ. ಮೊದಲು ಇಂಗ್ಲಿಷಿನ ಅಳತೆಗೆ ದರ ಹೇಳಿ ಆಮೇಲೆ ಬದಲಾಯಿಸಿದರೆ ಜಗಳವಾಗುತ್ತದೆ.

ಒಟ್ಟು ಕೂಡಿಸಿ

ರೇಕಿನ ಪುಸ್ತಕಕ್ಕೆ 5,000 ಅಂತ ಹಿಡಿದರೆ ಮೂರಕ್ಕೆ 15,000. ಜೆಲಟಿನ್, ಡಿಸ್ಟಿಲ್ಡ್ ವಾಟರ್, ಹತ್ತಿ, ಎನಾಮೆಲ್, ವಾರ್ನಿಷ್ ಎಲ್ಲ ಸೇರಿ 1,200. ಗಂಟೆಗಳದ್ದು 13,500. ಒಟ್ಟು 29,700.

ಇದಕ್ಕೆ 10% ಅಪಾಯದ ಬಾಬ್ತು ಸೇರಿಸಿ. ಒಂದು ಕಡೆ ರೇಕು ಎದ್ದರೆ ಮತ್ತೆ ಕೂರಿಸಬೇಕಾಗುತ್ತದೆ. 32,670 ಆಯಿತು. ಮೇಲೆ 15% ಲಾಭ. ಸುಮಾರು 37,570. ನಾನು 37,500 ಎಂದು ಬರೆಯುತ್ತೇನೆ. ಲಾಭ ಬೇರೆ, ಕೂಲಿ ಬೇರೆ. ಕೂಲಿ ಮನೆಗೆ ಹೋಗುತ್ತದೆ. ಲಾಭದಿಂದ ಮುಂದಿನ ಕೆಲಸಕ್ಕೆ ರೇಕು ಬರುತ್ತದೆ.

ಈಗ ಚದರಡಿ ಲೆಕ್ಕ ಯಾಕೆ ಮೋಸ ಅಂತ ನೋಡಿ. ಈ ಕೆಲಸ ಸುಮಾರು 2.8 ಚದರಡಿ. ಅಂದರೆ ಚದರಡಿಗೆ 13,000 ಚಿಲ್ಲರೆ ಬಿತ್ತು.

ಇದೇ ದರವನ್ನು ಒಬ್ಬ ವಕೀಲರ ಕಚೇರಿ ಬಾಗಿಲಿಗೆ ಹಾಕಿ. 30 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ಹೆಸರು, ಕೆಳಗೆ ಡಿಗ್ರಿ, ಸಮಯ. ಜಾಗ 0.4 ಚದರಡಿ ಕೂಡ ಇಲ್ಲ. ಚದರಡಿ ಲೆಕ್ಕದಲ್ಲಿ 5,000 ಸಿಗಬಹುದು. ನಿಜವಾದ ಲೆಕ್ಕ ಏನು? ಒಂದು ಪುಸ್ತಕ ರೇಕು 5,000. ಸಾಮಾನು 600. ಸಣ್ಣಕ್ಷರ, ಹಾಗಾಗಿ 15 ಗಂಟೆ, 7,500. ಒಟ್ಟು 13,100. 10% ಮತ್ತು 15% ಸೇರಿದರೆ 16,500ರ ಹತ್ತಿರ. ಚದರಡಿಗೆ 42,000 ದಾಟುತ್ತದೆ. ಮೂರು ಪಟ್ಟಿಗಿಂತ ಜಾಸ್ತಿ! ದೊಡ್ಡಕ್ಷರದಲ್ಲಿ ದುಡ್ಡು ರೇಕಿಗೆ ಹೋಗುತ್ತದೆ, ಸಣ್ಣಕ್ಷರದಲ್ಲಿ ಕೈಗೆ ಹೋಗುತ್ತದೆ. ಎರಡಕ್ಕೂ ಒಂದೇ ದರ ಹೇಳಲು ಸಾಧ್ಯವೇ ಇಲ್ಲ.

ವಕೀಲರ ಕೆಲಸಕ್ಕೆ ಪೂರ್ತಿ ಪುಸ್ತಕ ಖರ್ಚಾಗುವುದಿಲ್ಲ. ಹದಿನಾಲ್ಕು ಹದಿನೈದು ರೇಕು ಸಾಕು. ಆದರೂ ಪೂರ್ತಿ ಪುಸ್ತಕದ ದರವನ್ನೇ ಹಾಕಿ. ನಮ್ಮ ಮಲೆನಾಡಿನ ತೇವದಲ್ಲಿ ಬಿಚ್ಚಿಟ್ಟ ಪುಸ್ತಕ ಮುಂದಿನ ಕೆಲಸದ ತನಕ ಚೆನ್ನಾಗಿರುತ್ತದೆ ಅನ್ನುವ ಧೈರ್ಯ ಇಲ್ಲ. ತಿಂಗಳಿಗೆ ನಾಲ್ಕೈದು ಕೆಲಸ ಸಿಗುವವರು ಬೇಕಾದರೆ ರೇಕಿನ ಲೆಕ್ಕದಲ್ಲಿ ಕೊಡಲಿ.

ಮಳೆ, ದಾರಿ, ಅಡಿಕೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಜಾಗಕ್ಕೇ ಹೋಗಿ ಬರೆಯುವ ಕೆಲಸವನ್ನು ನಾನು ಆದಷ್ಟು ಒಪ್ಪುವುದಿಲ್ಲ. ಜೆಲಟಿನ್ ನೀರು ಒಣಗಲು ಹೊತ್ತು ಹಿಡಿಯುತ್ತದೆ. ಬಣ್ಣ ಒಣಗದೆ ರೇಕು ಒರೆಸಿದರೆ ಅಕ್ಷರದ ಅಂಚು ಕಿತ್ತು ಬರುತ್ತದೆ. ಫ್ಯಾನ್ ಹಾಕೋಣ ಅಂದರೆ ರೇಕು ಕೂರಿಸುವಾಗ ಉಸಿರು ಬಿಟ್ಟರೂ ಹಾರುತ್ತದೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಹೋಂಸ್ಟೇಯವರು ಮಳೆಗಾಲದಲ್ಲೇ ಬೇಕು ಅಂದರೆ, ಇಲ್ಲೇ ಬೇರೆ ಗಾಜಿನ ಮೇಲೆ ಬರೆದು ತೆಗೆದುಕೊಂಡು ಹೋಗಿ ಕೂರಿಸುತ್ತೇನೆ. ಜಾಗಕ್ಕೇ ಹೋಗಬೇಕು ಅಂದರೆ ಗಂಟೆಗಳಿಗೆ ಕಾಲು ಭಾಗ ಹೆಚ್ಚು ಸೇರಿಸಿ. ಯಾಕೆ ಅಂತ ಕೊಟೇಶನ್‌ನಲ್ಲೇ ಬರೆಯಿರಿ.

ತೀರ್ಥಹಳ್ಳಿಗೆ ಇಲ್ಲಿಂದ ಸುಮಾರು 60 ಕಿಲೋಮೀಟರ್. ಸಾಗರಕ್ಕೆ 70ರ ಮೇಲೆ. ಪದರಗಳ ನಡುವೆ ಒಣಗಲು ಬಿಡಬೇಕಾದ್ದರಿಂದ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಎರಡು ಮೂರು ಸಲ ಹೋಗಿ ಬರುವ ಖರ್ಚು, ಇಲ್ಲವೇ ಉಳಿಯುವ ವ್ಯವಸ್ಥೆ, ಎರಡರಲ್ಲಿ ಒಂದು ಗಿರಾಕಿಯದ್ದು. ಮನೆಯಲ್ಲೇ ಉಳಿಸಿಕೊಂಡು ಊಟ ಹಾಕುವವರು ನಮ್ಮ ಕಡೆ ಬಹಳ ಜನ ಇದ್ದಾರೆ. ಹಾಗಿದ್ದಾಗ ಓಡಾಟದ ದುಡ್ಡನ್ನು ನಾನು ಖುಷಿಯಿಂದ ಬಿಡುತ್ತೇನೆ.

ತೋಟದ ಮನೆಯವರ ಒಂದು ಮಾತು ಎಲ್ಲರಿಗೂ ಗೊತ್ತು. "ಅಡಿಕೆ ಮಾರಿದ ಕೂಡ್ಲೇ ಕೊಡ್ತೀನಿ ಮಾರಾಯ್ರೆ." ಅವರು ಸುಳ್ಳು ಹೇಳುವುದಿಲ್ಲ. ಆದರೆ ದರ ಏರಲಿ ಅಂತ ಅಡಿಕೆ ಅಟ್ಟದಲ್ಲೇ ಕೂತಿರುತ್ತದೆ, ನಿಮ್ಮ ಬಾಕಿಯೂ ಜೊತೆಗೆ ಕೂರುತ್ತದೆ. ಅಂಥವರ ಕೆಲಸವನ್ನು ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ. ಕೊಯ್ಲು ಮುಗಿದಿರುತ್ತದೆ, ಕೈಯಲ್ಲಿ ದುಡ್ಡು ಓಡಾಡುತ್ತಿರುತ್ತದೆ. ಗಾಳಿಯೂ ಒಣಗಿರುತ್ತದೆ. ರೇಕಿಗೂ ಅದೇ ಒಳ್ಳೆಯ ಕಾಲ.

ಕೊಟೇಶನ್ ಮತ್ತು ಅಡ್ವಾನ್ಸ್

ಬಾಯಿಮಾತಿನ ದರ ಬೇಡ. ಒಂದು ಹಾಳೆಯಲ್ಲಿ ಬರೆದು ಕೊಡಿ. ರೇಕಿನ ಗುಣಮಟ್ಟ, ಅಂದರೆ 22, 23 ಅಥವಾ 24 ಕ್ಯಾರೆಟ್. ಎಷ್ಟು ಪದರ. ಅಕ್ಷರದ ಅಳತೆ. ಶೇಡ್ ಇದೆಯೋ ಇಲ್ಲವೋ. ನಕ್ಷೆ ಎಷ್ಟು ಸಲ ತಿದ್ದಿ ಕೊಡುತ್ತೀರಿ. ನಾನು ಎರಡು ಸಲ ತಿದ್ದುತ್ತೇನೆ, ಮೂರನೆಯದಕ್ಕೆ ಗಂಟೆ ಲೆಕ್ಕ. ಕಾಗುಣಿತಕ್ಕೆ ಗಿರಾಕಿಯ ಸಹಿ ಹಾಕಿಸಿಕೊಳ್ಳಿ. ಬಂಗಾರದಲ್ಲಿ ಬರೆದ ಮೇಲೆ ತಪ್ಪು ಕಂಡರೆ ತಿದ್ದಲು ಬರುವುದಿಲ್ಲ.

ದರ ಹತ್ತು ದಿನಕ್ಕೆ ಮಾತ್ರ ಅಂತ ಬರೆಯಿರಿ. ಬಂಗಾರದ ದರ ಏರಿದ ಹಾಗೆ ರೇಕಿನ ದರವೂ ಏರುತ್ತದೆ. ನಕ್ಷೆ ಒಪ್ಪಿದ ದಿನ ಅರ್ಧ ದುಡ್ಡು. ರೇಕು ತರುವುದು ಆ ದುಡ್ಡಿನಲ್ಲೇ, ನಿಮ್ಮ ಕೈಯಿಂದ ಅಲ್ಲ. ವಾರ್ನಿಷ್ ಒಣಗಿದ ದಿನ ಉಳಿದದ್ದು. ಒಮ್ಮೆ ಪರಿಚಯದವರು ಅಂತ ಅಡ್ವಾನ್ಸ್ ಕೇಳಲಿಲ್ಲ. ಕೆಲಸ ಮುಗಿದ ಮೇಲೆ ಏಳು ತಿಂಗಳು ಓಡಾಡಿದೆ. ಅರ್ಧ ಬಂತು, ಪರಿಚಯವೂ ಹೋಯಿತು.

ವರ್ಷದ ವಹಿವಾಟು 20 ಲಕ್ಷದ ಹತ್ತಿರ ಬರುತ್ತಿದ್ದರೆ ಜಿಎಸ್‌ಟಿ ನೋಂದಣಿ ಬಗ್ಗೆ ಲೆಕ್ಕ ಬರೆಯುವವರನ್ನು ಕೇಳಿ.

ಚೌಕಾಸಿ ಬಂದಾಗ

"ಸ್ವಲ್ಪ ನೋಡಿ ಮಾಡ್ಕೊಡಿ" ಅಂತ ಕೇಳುವುದು ತಪ್ಪಲ್ಲ. ನಾನು ದರ ಇಳಿಸುವುದಿಲ್ಲ, ಕೆಲಸ ಇಳಿಸುತ್ತೇನೆ. ಅಕ್ಷರದ ಎತ್ತರ 15ರಿಂದ ಏಳೂವರೆ ಸೆಂಟಿಮೀಟರಿಗೆ ಇಳಿದರೆ ರೇಕಿನ ಒಂದು ಸಾಲು ಉಳಿಯುತ್ತದೆ. 12ಕ್ಕೆ ಇಳಿಸಿದರೆ ಏನೂ ಉಳಿಯುವುದಿಲ್ಲ, ಎರಡು ಸಾಲು ಬೇಕೇ ಬೇಕು. ಇದು ಗೊತ್ತಿದ್ದರೆ ನಕ್ಷೆ ಮಾಡುವಾಗಲೇ ದುಡ್ಡು ಉಳಿಸಬಹುದು. ಶೇಡ್ ಬಿಡಬಹುದು. ಹೆಸರು ಮಾತ್ರ ಬಂಗಾರದಲ್ಲಿ ಇಟ್ಟು ಕೆಳಗಿನ ಸಾಲನ್ನು ಎನಾಮೆಲ್‌ನಲ್ಲಿ ಬರೆಯಬಹುದು.

ಇನ್ನೂ ಕಡಿಮೆ ಬೇಕು ಅಂದರೆ ಬಂಗಾರದ ಬಣ್ಣದ ಹಿತ್ತಾಳೆ ರೇಕು ಇದೆ. ತಾಮ್ರ, ಸತು ಬೆರೆತದ್ದು. ಬಹಳ ಅಗ್ಗ. ಗಾಳಿ, ತೇವ ತಾಗಿದರೆ ಕಪ್ಪಾಗುತ್ತದೆ. ಹಿಂದೆ ಬಣ್ಣ, ವಾರ್ನಿಷ್ ಸರಿಯಾಗಿ ಮುಚ್ಚಲೇಬೇಕು. ಹಿತ್ತಾಳೆ ಹಾಕಿದರೆ ಬಿಲ್ಲಿನಲ್ಲಿ ಹಿತ್ತಾಳೆ ಅಂತಲೇ ಬರೆಯಿರಿ. ನನ್ನ ಹತ್ತಿರ ಅಂಗೈಯಗಲದ ಒಂದು ಗಾಜಿನ ತುಂಡಿದೆ. ಅರ್ಧ ಬಂಗಾರ, ಅರ್ಧ ಹಿತ್ತಾಳೆ. ಬಿಸಿಲಿಗೆ ಹಿಡಿದು ತೋರಿಸುತ್ತೇನೆ. ಹೆಚ್ಚಿನ ಸಲ ಚೌಕಾಸಿ ಅಲ್ಲಿಗೇ ನಿಲ್ಲುತ್ತದೆ.

ಕೆಲಸ ಒಪ್ಪಿಸುವಾಗ ಒರೆಸುವ ರೀತಿಯನ್ನು ಅಂಗಡಿಯ ಹುಡುಗರಿಗೂ ಹೇಳಿ ಬನ್ನಿ. ಒಳಮುಖಕ್ಕೆ ಮೆತ್ತನೆಯ ಬಟ್ಟೆ ಮಾತ್ರ, ಗಾಜು ತೊಳೆಯುವ ಸ್ಪ್ರೇ ಬೇಡ, ಬ್ಲೇಡ್ ಬೇಡವೇ ಬೇಡ. ಬ್ಲೇಡ್ ತಾಗಿ ಹೋದದ್ದಕ್ಕೆ ರಿಪೇರಿ ದರ ಬೇರೆ ಅಂತ ಕೊಟೇಶನ್‌ನಲ್ಲಿ ಒಂದು ಸಾಲು ಇರಲಿ.

ಕೊನೆಯ ಕೆಲಸ ಮನೆಗೆ ಬಂದ ಮೇಲೆ. ಅಂದಾಜಿನ ಗಂಟೆ ಪಕ್ಕದಲ್ಲಿ ನಿಜವಾಗಿ ಹಿಡಿದ ಗಂಟೆ ಬರೆದಿಡಿ. ದುರ್ಗಿಗುಡಿ ಕೆಲಸದಲ್ಲಿ ರೇಕು ಒರೆಸುವುದು ಎರಡರ ಬದಲು ಒಂದೇ ಗಂಟೆಗೆ ಮುಗಿಯಿತು. ಔಟ್‌ಲೈನ್ ಮತ್ತು ಶೇಡ್ ಮಾತ್ರ ಐದರ ಬದಲು ಎಂಟು ಗಂಟೆ ಹಿಡಿಯಿತು. ಕೂತು ಎಣಿಸಿ ನೋಡಿದೆ. ಆ ಹೆಸರಿನಲ್ಲಿ ಆರು ಒತ್ತಕ್ಷರ ಇದ್ದವು. ಆಮೇಲಿನ ಕೊಟೇಶನ್‌ಗಳಲ್ಲಿ ಒಂದೊಂದು ಒತ್ತಿಗೂ ಅರ್ಧ ಗಂಟೆ ಬೇರೆಯಾಗಿ ಸೇರಿಸುತ್ತಿದ್ದೇನೆ.